ಕೊಡಗಿನ ಫ್ಲ್ಯಾಟಿಗೆ ಯಾವ ಅಕ್ವೇರಿಯಂ: ಭಾರ, ಚಳಿ ಮತ್ತು ಮಳೆಗಾಲದ ಲೆಕ್ಕ

ದೊಡ್ಡ ಅಕ್ವೇರಿಯಂ ಇಡಬೇಕೆಂದಿರುವ ಫ್ಲ್ಯಾಟ್‌ವಾಸಿಗಳು ಸಾಮಾನ್ಯವಾಗಿ ಮೊದಲು ಕೇಳುವುದು ‘ನಮ್ಮ ನೆಲ ಇಷ್ಟು ಭಾರ ತಡೆದೀತೇ’ ಎಂದು. ಪ್ರಶ್ನೆ ಸರಿಯಾದದ್ದೇ, ಅದರ ಲೆಕ್ಕ ಮುಂದಿದೆ. ಆದರೆ ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಇರುವವರು ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಇನ್ನೊಂದು ಪ್ರಶ್ನೆಯಿದೆ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಕ್ಕಡ ತಿಂಗಳಲ್ಲಿ ಗಾಳಿಮಳೆಗೆ ಮರ ಉರುಳಿ, ತಂತಿ ಹರಿದು, ಕರೆಂಟಿಲ್ಲದೆ ಒಂದು ಹಗಲು ಒಂದು ರಾತ್ರಿ ಕಳೆದರೆ ಆ ತೊಟ್ಟಿಯ ನೀರು ಮೀನು ಬದುಕುವ ಹದದಲ್ಲಿ ಉಳಿದಿರುತ್ತದೆಯೇ? ದೊಡ್ಡ ಊರುಗಳ ಅಂಗಡಿಗಳಲ್ಲಿ ಸಿಗುವ ಸಲಹೆ ಆಯಾ ಊರಿನ ಹವೆಗೆ ಹೊಂದುವಂಥದ್ದು. ಅಲ್ಲಿ ಬೇಸಿಗೆಯ ಸೆಕೆಯದೇ ಚಿಂತೆ. ಇಲ್ಲಿ ತೊಟ್ಟಿಯ ಅಳತೆ, ಜಾಗ, ಮೀನು, ಫಿಲ್ಟರ್ ಎಲ್ಲವನ್ನೂ ಮಳೆಗಾಲವನ್ನು ಮುಂದಿಟ್ಟುಕೊಂಡೇ ಆರಿಸಬೇಕೆಂಬುದು ನನ್ನ ಅಭಿಪ್ರಾಯ, ಮತ್ತು ಈ ಹೋಲಿಕೆಯನ್ನು ಆ ದೃಷ್ಟಿಯಿಂದಲೇ ಮಾಡಲಾಗಿದೆ. ಕುಶಾಲನಗರದ ಕಡೆ ಮಳೆಯೂ ಚಳಿಯೂ ಕಡಿಮೆಯಾದ್ದರಿಂದ ಅಲ್ಲಿಯವರಿಗೆ ಕೆಲವು ವಿಷಯಗಳಲ್ಲಿ ಸ್ವಲ್ಪ ಸಲೀಸು. ಅದನ್ನು ಆಯಾ ಜಾಗದಲ್ಲಿ ಹೇಳಿದ್ದೇನೆ.

ಮೂರಡಿ, ನಾಲ್ಕಡಿ, ಆರಡಿ

ಮೂರು ಅಡಿಯ ತೊಟ್ಟಿ ಎಂದರೆ ಸುಮಾರು 90 ಸೆಂ.ಮೀ. ಉದ್ದ, 45 ಅಗಲ, 45 ಎತ್ತರ. ಅದರಲ್ಲಿ 180 ಲೀಟರ್ ಹಿಡಿಯುತ್ತದೆ. ನಾಲ್ಕು ಅಡಿಯದು 120, 45, 60ರ ಲೆಕ್ಕದಲ್ಲಿ 324 ಲೀಟರ್. ಮೇಲೆ ಸ್ವಲ್ಪ ಜಾಗ ಬಿಟ್ಟು ತುಂಬಿದರೆ 300ರ ಒಳಗೆ. ಆರು ಅಡಿಯದು 180, 60, 60ರಂತೆ 648 ಲೀಟರ್. ಒಂದು ಲೀಟರ್ ನೀರಿಗೆ ಒಂದು ಕೆ.ಜಿ. ಎಂಬುದು ಎಲ್ಲರಿಗೂ ಗೊತ್ತು, ಆದರೆ ಗಾಜು, ಜಲ್ಲಿ, ಕಲ್ಲು, ಸ್ಟ್ಯಾಂಡುಗಳ ಭಾರವನ್ನು ಕೂಡಿಸಲು ಅನೇಕರು ಮರೆಯುತ್ತಾರೆ. ನಾಲ್ಕಡಿಯ ತೊಟ್ಟಿಗೆ 10 ಮಿ.ಮೀ. ಗಾಜು ಹಾಕಿದರೆ ಗಾಜೊಂದೇ 60 ಕೆ.ಜಿ. ದಾಟುತ್ತದೆ; ನೀರು, 40 ಕೆ.ಜಿ.ಯಷ್ಟು ಜಲ್ಲಿ, ಸ್ಟ್ಯಾಂಡು ಎಲ್ಲ ಸೇರಿ 450 ಕೆ.ಜಿ. ಎಂದುಕೊಳ್ಳಬಹುದು. ಇದೇ ಲೆಕ್ಕದಲ್ಲಿ ಮೂರಡಿಯದು 250 ಕೆ.ಜಿ.ಯ ಆಸುಪಾಸು, 12 ಮಿ.ಮೀ. ಗಾಜಿನ ಆರಡಿಯದು 900 ಕೆ.ಜಿ.ಗೆ ಹತ್ತಿರ.

ಭಾರತೀಯ ಮಾನಕದ ಐಎಸ್ 875, ಎರಡನೆಯ ಭಾಗದ ಪ್ರಕಾರ ವಾಸದ ಕೋಣೆಗಳ ಸ್ಲ್ಯಾಬನ್ನು ಪ್ರತಿ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕೆ.ಜಿ. ಹೊರುವಂತೆ ವಿನ್ಯಾಸ ಮಾಡಲಾಗುತ್ತದೆ. ನಾಲ್ಕಡಿಯ ತೊಟ್ಟಿ ತನ್ನ ಅರ್ಧ ಚದರ ಮೀಟರಿನಷ್ಟು ಜಾಗದ ಮೇಲೆ ಚದರ ಮೀಟರಿಗೆ 800 ಕೆ.ಜಿ.ಗೂ ಮಿಕ್ಕಿದ ಒತ್ತಡ ಹಾಕುತ್ತದೆ ಎಂದು ಕೇಳಿದರೆ ಗಾಬರಿಯಾಗುವುದು ಸಹಜ. ಆದರೆ ಆರಡಿಯ ತೊಟ್ಟಿಯೂ ಚದರ ಮೀಟರಿಗೆ ಹೆಚ್ಚುಕಡಿಮೆ ಅಷ್ಟನ್ನೇ ಹಾಕುತ್ತದೆ, ಏಕೆಂದರೆ ಈ ಅಂಕಿಯನ್ನು ಮುಖ್ಯವಾಗಿ ನಿರ್ಧರಿಸುವುದು ತೊಟ್ಟಿಯ ಎತ್ತರ. ಸ್ಲ್ಯಾಬಿಗೆ ನಿಜವಾಗಿ ಮುಖ್ಯವಾಗುವುದು ಒಟ್ಟು ಭಾರ ಎಷ್ಟು ಮತ್ತು ಅದು ಬೀಮಿನಿಂದ ಎಷ್ಟು ದೂರದಲ್ಲಿ ಕೂತಿದೆ ಎಂಬುದು. ಮೂರು ಮೀಟರ್ ಅಗಲ, ನಾಲ್ಕು ಮೀಟರ್ ಉದ್ದದ ಹಾಲಿನ ಸ್ಲ್ಯಾಬಿಗೆ ಒಟ್ಟು 2,400 ಕೆ.ಜಿ.ಯ ಲೆಕ್ಕವಿರುತ್ತದೆ, ಅದರಲ್ಲಿ 450 ಕೆ.ಜಿ.ಯನ್ನು ಕೆಳಗೆ ಬೀಮಿರುವ ಗೋಡೆಗೆ ತಾಗಿಸಿ, ಪಿಲ್ಲರಿನ ಹತ್ತಿರ ಇಟ್ಟರೆ, ನಕ್ಷೆಯಂತೆ ಕಟ್ಟಿದ, ಬಿರುಕಿಲ್ಲದ ಆರ್‌ಸಿಸಿ ಕಟ್ಟಡದಲ್ಲಿ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ. ಅದೇ ತೊಟ್ಟಿಯನ್ನು ಹಾಲಿನ ನಡುವೆ ಅಡುಗೆಮನೆಗೂ ಹಾಲಿಗೂ ಅಡ್ಡಗೋಡೆಯ ಹಾಗೆ ನಿಲ್ಲಿಸುವುದು ನೋಡಲು ಚೆಂದವಾದರೂ ಸ್ಲ್ಯಾಬಿಗೆ ಅತ್ಯಂತ ಕೆಟ್ಟ ಜಾಗ ಅದೇ. ಆರಡಿಯ ತೊಟ್ಟಿಗೆ ಮಾತ್ರ ಗೋಡೆ, ಮೂಲೆ ಎಂಬ ಅಂದಾಜು ಸಾಲದು; ಕಟ್ಟಡದ ಸ್ಟ್ರಕ್ಚರಲ್ ನಕ್ಷೆಯನ್ನು ಎಂಜಿನಿಯರಿಗೆ ತೋರಿಸಿ ಬರಹದಲ್ಲಿ ಒಪ್ಪಿಗೆ ಪಡೆಯದೆ ಮುಂದುವರಿಯಬಾರದು.

ಬಾಲ್ಕನಿಯನ್ನು ಪರಿಗಣಿಸಲೇಬೇಡಿ. ಮಾನಕ ಅದಕ್ಕೆ ಚದರ ಮೀಟರಿಗೆ ಹೆಚ್ಚಿನ ಭಾರವನ್ನೇ ಇಟ್ಟಿದ್ದರೂ ಹೊರಚಾಚಿದ ಸ್ಲ್ಯಾಬಿನ ತುದಿಯಲ್ಲಿ ವರ್ಷಗಟ್ಟಲೆ ಕದಲದೆ ಕೂರುವ ಭಾರ ಬೇರೆಯದೇ ವಿಷಯ. ಮೇಲಾಗಿ ಮಳೆಯ ಇರಚಲು, ಬಿಸಿಲು ಎರಡೂ ಅಲ್ಲಿಗೆ ಬರುತ್ತವೆ.

ನೆಲಮಹಡಿಯ ಬಗ್ಗೆ ಒಂದು ಎಚ್ಚರಿಕೆ ಬೇಕು, ಇದು ಬಯಲುಸೀಮೆಯವರಿಗೆ ಹೊಳೆಯುವ ವಿಷಯವಲ್ಲ. ನೆಲಮಹಡಿಯಾದರೆ ಭಾರದ ಚಿಂತೆಯಿಲ್ಲ ಎಂಬ ಮಾತು ನೆಲ ನೇರವಾಗಿ ಮಣ್ಣಿನ ಮೇಲೆ ಕೂತಿದ್ದರೆ ಮಾತ್ರ ನಿಜ. ಮಡಿಕೇರಿಯ ಇಳಿಜಾರುಗಳಲ್ಲಿ ರಸ್ತೆಯಿಂದ ನೇರ ಒಳಗೆ ಕಾಲಿಡುವ ಫ್ಲ್ಯಾಟಿನ ಕೆಳಗೆ, ಹಿಂಬದಿಯ ಕಣಿವೆಯ ಕಡೆ, ಇನ್ನೂ ಒಂದೆರಡು ಮಹಡಿಗಳೋ ಪಾರ್ಕಿಂಗೋ ಇರುವುದುಂಟು. ಆಗ ರಸ್ತೆಮಟ್ಟದ ಮನೆಯೂ ಲೆಕ್ಕಕ್ಕೆ ಮೇಲ್ಮಹಡಿಯೇ. ಬರೆಯನ್ನು, ಅಂದರೆ ಗುಡ್ಡದ ಕಡಿದಾದ ಬದಿಯನ್ನು, ಕಡಿದು ಆ ಮಣ್ಣನ್ನೇ ತುಂಬಿ ಮಾಡಿದ ನೆಲವಾಗಿದ್ದರೆ ಅದು ಮಳೆಗಾಲದಲ್ಲಿ ಕುಸಿದಿರುವ ಗುರುತುಗಳನ್ನು, ಅಂದರೆ ಟೈಲುಗಳ ನಡುವೆ ಬಾಯ್ಬಿಟ್ಟ ಸಂದು, ಸ್ಕರ್ಟಿಂಗಿನ ಕೆಳಗೆ ಕಾಣುವ ಕಪ್ಪು ಗೆರೆ ಇವುಗಳನ್ನು ನೋಡಿ ತೀರ್ಮಾನಿಸಬೇಕು. ಹಲಗೆ ಹಾಸಿದ ಹಳೆಯ ಅಟ್ಟದ ಮನೆಗಳ ಮಾಳಿಗೆ ಯಾವ ಅಳತೆಯ ದೊಡ್ಡ ತೊಟ್ಟಿಗೂ ಆಗದು. 2022ರ ಜೂನಿನಲ್ಲಿ ಜಿಲ್ಲೆಯ ಕೆಲವೆಡೆ ಭೂಮಿ ಲಘುವಾಗಿ ಕಂಪಿಸಿದ್ದು ಅನೇಕರಿಗೆ ನೆನಪಿರಬಹುದು. ಎತ್ತರ ಹೆಚ್ಚಾಗಿ ಅಗಲ ಕಡಿಮೆಯಿರುವ ತೊಟ್ಟಿಗಿಂತ ತಗ್ಗಾಗಿ ಅಗಲವಾಗಿರುವುದನ್ನು ಆರಿಸಲು ಅದೂ ಒಂದು ಕಾರಣ.

ಈ ಮೂರರಲ್ಲಿ ಹೆಚ್ಚಿನ ಫ್ಲ್ಯಾಟುಗಳಿಗೆ ನಾಲ್ಕಡಿಯದೇ ಸರಿ ಎಂದು ನಾನು ಹೇಳುವುದಕ್ಕೆ ಭಾರಕ್ಕಿಂತ ನೀರೇ ಹೆಚ್ಚಿನ ಕಾರಣ. ನೀರು ಹೆಚ್ಚಿದ್ದಷ್ಟೂ ಅದು ನಿಧಾನವಾಗಿ ತಣ್ಣಗಾಗುತ್ತದೆ, ನಿಧಾನವಾಗಿ ಕೆಡುತ್ತದೆ. ಹೀಟರ್ ನಿಂತಾಗ 60 ಲೀಟರಿನ ತೊಟ್ಟಿಗೂ 300 ಲೀಟರಿನದಕ್ಕೂ ಇರುವ ಅಂತರ ಒಂದೇ ರಾತ್ರಿಯಲ್ಲಿ ಕಾಣುತ್ತದೆ. ಆರಡಿಯದು ಇನ್ನೂ ಉತ್ತಮವೆಂಬುದು ನಿಜ, ಆದರೆ ವಾರಕ್ಕೆ ಕಾಲು ಭಾಗ ನೀರು ಬದಲಿಸಬೇಕೆಂದರೆ ನಾಲ್ಕಡಿಯದಕ್ಕೆ 15 ಲೀಟರಿನ ಐದು ಬಕೆಟ್ ಸಾಕು, ಆರಡಿಯದಕ್ಕೆ ಹತ್ತು ಬೇಕು. ಮಾರ್ಚ್, ಏಪ್ರಿಲಿನಲ್ಲಿ ಕಾಫಿಯ ಹೂವರಳಿಸುವ ಹೂಮಳೆ ತಡವಾಗಿ, ಅಪಾರ್ಟ್‌ಮೆಂಟಿನ ನಲ್ಲಿಗೆ ಹೊತ್ತು ಗೊತ್ತುಮಾಡಿದಾಗ ಈ ಲೆಕ್ಕ ನೆರೆಹೊರೆಯವರ ಕಣ್ಣಿಗೂ ಬೀಳುತ್ತದೆ.

ನಮ್ಮ ನೀರು ಯಾವ ಮೀನಿಗೆ

ಮೀನನ್ನು ಆರಿಸುವ ಮೊದಲು ನೀರನ್ನು ಅಳೆಯುವುದು ಕ್ರಮ. ಜೋರು ಮಳೆ ಬೀಳುವ, ಸುಣ್ಣಕಲ್ಲಿಲ್ಲದ ಗುಡ್ಡಗಳ ಹೊಳೆನೀರು ಸಾಮಾನ್ಯವಾಗಿ ಮೆದುವಾಗಿರುತ್ತದೆ. ಬೋರ್‌ವೆಲ್ ನೀರು ಅದಕ್ಕಿಂತ ಗಡುಸಾಗಿರಬಹುದು. ಒಂದು ಅಪಾರ್ಟ್‌ಮೆಂಟಿಗೆ ಪಟ್ಟಣದ ನಲ್ಲಿ, ಬೋರ್‌ವೆಲ್, ಛಾವಣಿಯ ಮಳೆನೀರು ಮೂರೂ ಒಂದೇ ಸಂಪಿಗೆ ಬೀಳುತ್ತಿದ್ದರೆ ಜೂನಿನ ನೀರೂ ಜನವರಿಯ ನೀರೂ ಒಂದೇ ಆಗಿರುವುದಿಲ್ಲ. ಅಂಗಡಿಯಲ್ಲಿ ಸಿಗುವ ಪರೀಕ್ಷಾ ಕಿಟ್‌ನಿಂದ ಪಿಎಚ್, ಒಟ್ಟು ಗಡಸುತನ ಮತ್ತು ಕಾರ್ಬೊನೇಟ್ ಗಡಸುತನ ಈ ಮೂರನ್ನೂ ಎರಡು ಋತುಗಳಲ್ಲಿ ನೋಡಿಕೊಳ್ಳಬೇಕು.

ಮೂರನೆಯದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಆದರೆ ಮೆದುನೀರಿನ ಊರಿನಲ್ಲಿ ಅತಿ ಮುಖ್ಯವಾದದ್ದು ಅದೇ. ಮೀನಿನ ಮಲಮೂತ್ರದಿಂದ ಬರುವ ಅಮೋನಿಯಾವನ್ನು ಫಿಲ್ಟರಿನೊಳಗಿನ ಬ್ಯಾಕ್ಟೀರಿಯಾಗಳು ಮೊದಲು ನೈಟ್ರೈಟ್ ಆಗಿ, ಅನಂತರ ನೈಟ್ರೇಟ್ ಆಗಿ ಬದಲಿಸುತ್ತವೆ. ಆ ಕೆಲಸದಲ್ಲಿ ಆಮ್ಲ ಹುಟ್ಟುತ್ತದೆ, ಆ ಆಮ್ಲವನ್ನು ನೀರಿನಲ್ಲಿರುವ ಕಾರ್ಬೊನೇಟ್ ತಡೆಯುತ್ತದೆ. ಮೆದುನೀರಿನಲ್ಲಿ ಆ ತಡೆ ಕಡಿಮೆಯಿರುವುದರಿಂದ ದೊಡ್ಡ ಮೀನುಗಳು ತುಂಬಿರುವ ತೊಟ್ಟಿಯಲ್ಲಿ ಪಿಎಚ್ ನಿಧಾನವಾಗಿ ಇಳಿದು, ಒಂದು ಹಂತದ ನಂತರ ಬ್ಯಾಕ್ಟೀರಿಯಾಗಳ ಕೆಲಸವೇ ಕುಂಟತೊಡಗುತ್ತದೆ. ನೀರು ಕನ್ನಡಿಯಂತೆ ತಿಳಿಯಾಗಿರುವಾಗಲೇ ಇದು ನಡೆಯುವುದರಿಂದ ಕಣ್ಣಿಗೆ ಗೊತ್ತಾಗುವುದಿಲ್ಲ. ಪರಿಹಾರ ಸುಲಭ: ಚೆನ್ನಾಗಿ ತೊಳೆದು ಒಡೆದ ಕಪ್ಪೆಚಿಪ್ಪನ್ನು ಒಂದು ಜಾಳಿಗೆ ಚೀಲದಲ್ಲಿ ಕಟ್ಟಿ ಫಿಲ್ಟರಿನ ನೀರು ಹರಿಯುವ ದಾರಿಯಲ್ಲಿ ಇಟ್ಟರೆ ಅದು ತಾನಾಗಿ ಕರಗುತ್ತ ತಡೆಯನ್ನು ಒದಗಿಸುತ್ತದೆ.

ಈ ನೀರಿಗೆ ಮಲಾವಿ ಸರೋವರದ ಬಣ್ಣದ ಸಿಕ್ಲಿಡ್‌ಗಳೂ ಮೊಲ್ಲಿಗಳೂ ಹೊಂದುವುದಿಲ್ಲ. ಅವಕ್ಕೆ ಗಡುಸು ನೀರು ಬೇಕು. ನಿಯಾನ್ ಟೆಟ್ರಾ, ಏಂಜೆಲ್, ಡಿಸ್ಕಸ್‌ಗಳು ಅಮೆಜಾನ್ ಕಡೆಯ ಮೆದುನೀರಿನವು, ಆದ್ದರಿಂದ ಕಾಗದದ ಮೇಲೆ ನಮ್ಮ ನೀರು ಅವಕ್ಕೆ ಹೇಳಿ ಮಾಡಿಸಿದಂತಿದೆ. ತೊಡಕಿರುವುದು ಚಳಿಯಲ್ಲಿ. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಜುಲೈಯ ಮಳೆಯಲ್ಲೂ ಡಿಸೆಂಬರಿನ ರಾತ್ರಿಗಳಲ್ಲೂ ಹೀಟರಿಲ್ಲದ ತೊಟ್ಟಿಯ ನೀರು 20 ಡಿಗ್ರಿಯ ಕೆಳಗೆ ನಿಲ್ಲುತ್ತದೆ. ಡಿಸ್ಕಸ್‌ಗೆ 28ರಿಂದ 30 ಬೇಕು, ಏಂಜೆಲ್‌ಗೆ 24ಕ್ಕೆ ಕಡಿಮೆಯಾಗಬಾರದು. ನಾಲ್ಕಡಿಯ ತೊಟ್ಟಿಗೆ 300 ವ್ಯಾಟಿನ ಹೀಟರ್ ಹಾಕಿ ಅದು ದಿನದ ಅರ್ಧ ಹೊತ್ತು ಉರಿದರೂ 3.6 ಯೂನಿಟ್, ತಿಂಗಳಿಗೆ ನೂರು ಯೂನಿಟ್ ದಾಟುತ್ತದೆ. ಖರ್ಚನ್ನು ಹೇಗೋ ಹೊಂದಿಸಬಹುದು. ಕರೆಂಟು ಹೋದಾಗ ಮೂರು ನಾಲ್ಕು ಗಂಟೆಗೊಂದು ಡಿಗ್ರಿಯಂತೆ ಇಳಿಯುವ ನೀರನ್ನು ಹಿಡಿದು ನಿಲ್ಲಿಸುವುದು ಕಷ್ಟ. ಬಿಸಿನೀರಿನ ಮೀನುಗಳಿಗೆ ಬಿಳಿಚುಕ್ಕಿ ರೋಗ ಅಂಟಿಕೊಳ್ಳುವುದು ಹೆಚ್ಚಾಗಿ ಇಂಥ ಇಳಿತದ ಬೆನ್ನಿಗೇ.

ಆದ್ದರಿಂದ ಮಡಿಕೇರಿ, ಸೋಮವಾರಪೇಟೆಯ ಕಡೆಯವರಿಗೆ ನಾನು ಸೂಚಿಸುವುದು ತಂಪುನೀರಿನ ಮೀನುಗಳನ್ನು. ಅವುಗಳಲ್ಲಿ ಮೊದಲು ನೆನಪಾಗುವುದು ಗೋಲ್ಡ್‌ಫಿಶ್. ಅದು ತಂಪಿಗೆ ಒಗ್ಗುತ್ತದೆ, ಎಲ್ಲೆಡೆ ಸಿಗುತ್ತದೆ, ಮಕ್ಕಳಿಗೂ ಇಷ್ಟ. ಆದರೆ ಅದು ಮಾಡುವ ಗಲೀಜು ಹೆಚ್ಚು. 300 ಲೀಟರಿಗೆ ಐದಾರು ಮಾತ್ರ ಎಂದು ಹೇಳಿದರೆ ಅಂಗಡಿಯವರು ನಗಬಹುದು, ಆದರೂ ಅದೇ ಸರಿಯಾದ ಲೆಕ್ಕ. ಜೀಬ್ರಾ ಡೇನಿಯೊ, ರೋಸಿ ಬಾರ್ಬ್‌ಗಳೂ ತಂಪಿನಲ್ಲಿ ಚುರುಕಾಗಿಯೇ ಇರುತ್ತವೆ.

ನಾಲ್ಕಡಿಯ ಉದ್ದವನ್ನು ನಿಜವಾಗಿ ಬಳಸಿಕೊಳ್ಳುವ ಮೀನು ಎಂದರೆ ಮಿಸ್ ಕೇರಳ ಎಂಬ ಹೆಸರಿನಲ್ಲಿ ಮಾರಾಟವಾಗುವ ಡೆನಿಸನ್ ಬಾರ್ಬ್. ಮೂತಿಯಿಂದ ಬಾಲದವರೆಗೆ ಒಂದು ಕಪ್ಪು ಗೆರೆ, ಅದರ ಮೇಲೆ ಮೂತಿಯಿಂದ ಮೈಯ ನಡುವಿನವರೆಗೆ ಮಾತ್ರ ಎಳೆದು ನಿಲ್ಲಿಸಿದಂತೆ ಕಡುಗೆಂಪು ಗೆರೆ, ಬಾಲದ ತುದಿಗಳಲ್ಲಿ ಹಳದಿ ಮತ್ತು ಕಪ್ಪು. ಆರೇಳು ಒಟ್ಟಾಗಿ ತಿರುಗುವಾಗ ಆ ಕೆಂಪು ಎಲ್ಲದರಲ್ಲೂ ಒಂದೇ ಸಲ ಮಿನುಗುತ್ತದೆ. ಇದು ಪಶ್ಚಿಮಘಟ್ಟದ್ದೇ ಮೀನು. ಕೊಡಗಿನ ಬರಪೊಳೆ ಕೇರಳಕ್ಕಿಳಿದು ಸೇರುವ ವಳಪಟ್ಟಣಂ ನದಿಯೂ ಅದರ ನೆಲೆಗಳಲ್ಲಿ ಒಂದು. ಅದಕ್ಕೆ 15ರಿಂದ 25 ಡಿಗ್ರಿಯ, ಆಮ್ಲಜನಕ ತುಂಬಿದ, ಹರಿಯುವ ನೀರು ಬೇಕು. ಮಡಿಕೇರಿಯ ಕೋಣೆಯ ತಂಪು ಅದಕ್ಕೆ ಸಹಜ. 15 ಸೆಂ.ಮೀ.ವರೆಗೆ ಬೆಳೆಯುವುದರಿಂದ ಮೂರಡಿಯ ತೊಟ್ಟಿ ಸಾಲದು, ನೆಗೆಯುವ ಸ್ವಭಾವದ್ದಾದ್ದರಿಂದ ಮುಚ್ಚಳ ಕಡ್ಡಾಯ. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಇದು ಅಳಿವಿನಂಚಿನ ಮೀನೆಂದು ನಮೂದಾಗಿದೆ, ಹಾಗಾಗಿ ತೊಟ್ಟಿಯಲ್ಲೇ ಮರಿಮಾಡಿಸಿದ್ದನ್ನು ಕೇಳಿ ಪಡೆಯಬೇಕೇ ಹೊರತು ಹೊಳೆಯಿಂದ ಹಿಡಿದು ತಂದದ್ದನ್ನು ಕೊಳ್ಳಬಾರದು. ಹಾಗೆಯೇ ಕಾವೇರಿಯ ಮಹಶೀರ್ ಮರಿಯನ್ನು ಮನೆಗೆ ತರುವ ಆಸೆ ಯಾರಿಗಾದರೂ ಇದ್ದರೆ ಬಿಟ್ಟುಬಿಡುವುದು ಒಳ್ಳೆಯದು, ಹತ್ತಾರು ಕೆ.ಜಿ. ತೂಗುವಂತೆ ಬೆಳೆಯುವ, ಅಳಿವಿನ ತುದಿಗೆ ಬಂದಿರುವ ಮೀನು ಅದು.

ಕುಶಾಲನಗರದವರು, ವರ್ಷದ ಹೆಚ್ಚಿನ ಕಾಲ ಕೋಣೆ ಬೆಚ್ಚಗಿರುವುದರಿಂದ, ಸಣ್ಣ ಹೀಟರಿನ ನೆರವಿನಿಂದ ಏಂಜೆಲ್, ಗೌರಾಮಿಗಳನ್ನು ಧಾರಾಳವಾಗಿ ಸಾಕಬಹುದು. ಗೌರಾಮಿ ಮೇಲೆ ಬಂದು ಗಾಳಿಯನ್ನೂ ಉಸಿರಾಡುವುದರಿಂದ ಪಂಪ್ ನಿಂತಾಗ ಬೇಗ ಸೋಲುವುದಿಲ್ಲ ಎಂಬ ಅನುಕೂಲವೂ ಇದೆ. ಆಸ್ಕರ್, ಫ್ಲವರ್‌ಹಾರ್ನ್‌ಗಳು 30 ಸೆಂ.ಮೀ. ಮುಟ್ಟುತ್ತವೆ, ಬಿಸಿಯೂ ಬೇಕು, ಗಲೀಜೂ ಹೆಚ್ಚು. ಅರೊವಾನಾ ಆರಡಿಯ ತೊಟ್ಟಿಯನ್ನೂ ಮೀರಿ ಬೆಳೆಯುತ್ತದೆ. ಸಮುದ್ರದ ತೊಟ್ಟಿಯ ಮಾತು ಇನ್ನೂ ದೂರ: ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ ಹವಳಗಳೂ ಸಮುದ್ರಕುದುರೆಗಳೂ ಸೇರಿವೆ, ಉಪ್ಪುನೀರನ್ನು ಮನೆಯಲ್ಲೇ ಕಲಸಿಕೊಳ್ಳಬೇಕು, ಬಿಸಿ ಮತ್ತು ಪಂಪ್ ಎರಡೂ ಒಂದು ಗಳಿಗೆ ನಿಲ್ಲಬಾರದು. ಕೊಡಗಿನ ಫ್ಲ್ಯಾಟಿಗೆ ಅದು ಬೇಡ.

ಯಾವ ಮೀನಾದರೂ ಬೇಡವಾದಾಗ ತೋಡಿಗೆ ಬಿಡಬಾರದು. ಇಲ್ಲಿಯ ಪ್ರತಿ ತೋಡೂ ಕೊನೆಗೆ ಕಾವೇರಿಯನ್ನೋ ಘಟ್ಟದ ಕೆಳಗಿನ ನದಿಯನ್ನೋ ಸೇರುತ್ತದೆ.

ಕರೆಂಟು ಹೋದಾಗ ಯಾವ ಫಿಲ್ಟರ್

ದೊಡ್ಡ ತೊಟ್ಟಿಗೆ ಮೂರು ಬಗೆಯ ಫಿಲ್ಟರ್‌ಗಳು ಚಾಲ್ತಿಯಲ್ಲಿವೆ. ಸ್ಟ್ಯಾಂಡಿನೊಳಗೆ ಇಡುವ ಮುಚ್ಚಿದ ಕ್ಯಾನಿಸ್ಟರ್ ಸದ್ದಿಲ್ಲದ್ದು, ಜಾಗ ಉಳಿಸುವಂಥದ್ದು, ದಿನನಿತ್ಯದ ಕೆಲಸಕ್ಕೆ ಚೆನ್ನ. ಆದರೆ ಹರಿವು ನಿಂತ ಕ್ಯಾನಿಸ್ಟರಿನೊಳಗೆ ಕೆಲವೇ ಗಂಟೆಗಳಲ್ಲಿ ಆಮ್ಲಜನಕ ಮುಗಿದು, ಬ್ಯಾಕ್ಟೀರಿಯಾಗಳು ಸಾಯತೊಡಗುತ್ತವೆ. ಇಡೀ ರಾತ್ರಿಯ ನಂತರ ಕರೆಂಟು ಬಂದ ಕೂಡಲೇ ಪಂಪ್ ತಾನಾಗಿ ಚಾಲೂ ಆದರೆ ಒಳಗೆ ಕೊಳೆತದ್ದೆಲ್ಲ ತೊಟ್ಟಿಗೆ ಬಂದು ಬೀಳುತ್ತದೆ. ತೊಟ್ಟಿಯ ಕೆಳಗೆ ಇನ್ನೊಂದು ಗಾಜಿನ ತೊಟ್ಟಿಯನ್ನಿಟ್ಟು ನೀರು ಸುತ್ತಿಸುವ ಸಂಪ್ ವ್ಯವಸ್ಥೆ ಆರಡಿಯದಕ್ಕೆ ಅತ್ಯುತ್ತಮ, ಆದರೆ ಪಂಪ್ ನಿಂತಾಗ ಮೇಲಿನ ನೀರು ಕೊಳವೆಯಲ್ಲಿ ಹಿಂದಿರುಗಿ ಕೆಳಗೆ ಇಳಿಯುತ್ತದೆ. ಅದನ್ನು ಹಿಡಿಯುವಷ್ಟು ಜಾಗ ಸಂಪಿನಲ್ಲಿ ಬಿಟ್ಟಿರಬೇಕು, ವಾಪಸ್ ಕೊಳವೆಯಲ್ಲಿ ನೀರಿನ ಮಟ್ಟಕ್ಕೆ ತುಸು ಕೆಳಗೆ ಒಂದು ಸಣ್ಣ ತೂತು ಕೊರೆದಿರಬೇಕು. ಇಲ್ಲದಿದ್ದರೆ ಕೆಳಗಿನ ಮನೆಯವರ ಸೀಲಿಂಗ್ ನೆನೆಯುತ್ತದೆ. ಮೂರನೆಯದು ಗಾಳಿಯ ಪಂಪಿನಿಂದ ನಡೆಯುವ ಸ್ಪಾಂಜ್ ಫಿಲ್ಟರ್. ನೋಡಲು ಚೆಂದವಿಲ್ಲ, ಗುಳುಗುಳು ಸದ್ದೂ ಇದೆ, ಆದರೆ ಬ್ಯಾಟರಿಯ ಸಣ್ಣ ಏರ್‌ಪಂಪ್ ಒಂದಿದ್ದರೆ ಕರೆಂಟಿಲ್ಲದೆಯೂ ನೀರನ್ನು ಶುದ್ಧವಾಗಿಟ್ಟು ಆಮ್ಲಜನಕವನ್ನೂ ಬೆರೆಸುತ್ತದೆ. ನಾಲ್ಕಡಿಯ ತೊಟ್ಟಿಗೆ ಒಂದು ಕ್ಯಾನಿಸ್ಟರ್, ಜೊತೆಗೆ ಮೂಲೆಯಲ್ಲಿ ಎರಡು ದೊಡ್ಡ ಸ್ಪಾಂಜ್ ಎಂಬುದು ನನ್ನ ಆಯ್ಕೆ. ಕರೆಂಟು ಹೋಗಿ ಬಹಳ ಹೊತ್ತಾದರೆ ಕ್ಯಾನಿಸ್ಟರಿನ ಪ್ಲಗ್ ತೆಗೆದಿಟ್ಟು, ತೊಳೆದ ಮೇಲೆಯೇ ಮತ್ತೆ ಹಾಕಬೇಕು.

ಮನೆಯ ಇನ್ವರ್ಟರಿಗೆ ಹೀಟರನ್ನು ಜೋಡಿಸಬಾರದು. 150 ಎಎಚ್ ಬ್ಯಾಟರಿಯಲ್ಲಿ ಹೆಸರಿಗೆ 1,800 ವ್ಯಾಟ್-ಗಂಟೆಯಿದ್ದರೂ 300 ವ್ಯಾಟಿನ ಹೀಟರ್ ಅದನ್ನು ನಾಲ್ಕೈದು ಗಂಟೆಯಲ್ಲಿ ಬರಿದು ಮಾಡುತ್ತದೆ. ಅದೇ ಬ್ಯಾಟರಿ 20 ವ್ಯಾಟಿನ ಪಂಪೊಂದನ್ನೇ ನಡೆಸುವುದಾದರೆ ಎರಡು ದಿನದ ಹತ್ತಿರ ಬರುತ್ತದೆ. ತೊಟ್ಟಿಗೆ ಹೋಗುವ ಪ್ರತಿ ವೈರೂ ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಇಳಿದು ಬಾಗಿ ಮೇಲೆ ಹೋಗಬೇಕು, ಆಗ ವೈರಿನ ಮೇಲೆ ಜಾರಿ ಬಂದ ಹನಿ ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ. ಆ ಸರ್ಕ್ಯೂಟಿಗೆ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದ ಕೂಡಲೇ ಲೈನನ್ನು ಕಡಿಯುವ ಸ್ವಿಚ್ಚು, ಇರಲೇಬೇಕು.

ಸ್ಟ್ಯಾಂಡು, ತೇವ, ಮಳೆಗಾಲದ ನಲ್ಲಿ

ಪಾರ್ಟಿಕಲ್ ಬೋರ್ಡಿನ ಸಿದ್ಧ ಕ್ಯಾಬಿನೆಟ್ ಅಗ್ಗ, ಆದರೆ ಬಟ್ಟೆ ಒಣಗದ, ಬೀರುವಿನ ಚಪ್ಪಲಿಗೂ ಬೂಷ್ಟು ಹಿಡಿಯುವ ಊರಿನಲ್ಲಿ ಅದು ಒಂದೆರಡು ಮಳೆಗಾಲಕ್ಕೆ ಉಬ್ಬುತ್ತದೆ; 450 ಕೆ.ಜಿ. ಹೊತ್ತಿರುವಾಗ ಉಬ್ಬುವುದೆಂದರೆ ಗಾಜಿನ ಒಂದು ಮೂಲೆಗೆ ಭಾರ ಬೀಳುವುದೆಂದೇ ಅರ್ಥ. ಪೌಡರ್ ಕೋಟಿಂಗ್ ಮಾಡಿದ ಕಬ್ಬಿಣದ ಚೌಕಟ್ಟು, ಇಲ್ಲವೇ ಚೆನ್ನಾಗಿ ಒಣಗಿದ ಹಲಸು, ಹೆಬ್ಬಲಸಿನಂಥ ಮರ ಇವೆರಡರಲ್ಲಿ ಯಾವುದಾದರೂ ಆಗಬಹುದು. ಸ್ಟ್ಯಾಂಡನ್ನು ರಸಮಟ್ಟದಿಂದ ಎರಡೂ ಕಡೆಗೆ ನೋಡಿ ಸಮ ಮಾಡಿ, ತೊಟ್ಟಿಯ ಕೆಳಗೆ ಥರ್ಮೋಕೋಲ್ ಹಾಳೆ ಹಾಸಬೇಕು. ಅಕ್ರಿಲಿಕ್ ತೊಟ್ಟಿ ಗಾಜಿನ ಅರ್ಧದಷ್ಟೇ ತೂಗುತ್ತದೆ, ಆದರೆ ಬೇಗ ಗೀರುಬೀಳುತ್ತದೆ, ದುಬಾರಿ. ಒಟ್ಟು ಭಾರದಲ್ಲಿ ಉಳಿಯುವುದು ಮೂವತ್ತು ಕೆ.ಜಿ. ಮಾತ್ರ ಎಂದ ಮೇಲೆ ಅದರ ಗೊಡವೆ ಬೇಡ.

ಮಳೆಗಾಲದಲ್ಲಿ ಹೊಸ ನೀರನ್ನು ಹಿಂದಿನ ರಾತ್ರಿಯೇ ಬಿಳಿ ಬಕೆಟಿನಲ್ಲಿ ಹಿಡಿದಿಟ್ಟರೆ ಬೆಳಿಗ್ಗೆ ತಳದಲ್ಲಿ ನಿಂತ ಕೆಮ್ಮಣ್ಣಿನ ಪದರ ಕಾಣುತ್ತದೆ. ಮೇಲಿನ ನೀರನ್ನಷ್ಟೇ ಬಳಸಿ, ಕ್ಲೋರಿನ್ ತೆಗೆಯುವ ದ್ರಾವಣವನ್ನು ತಪ್ಪದೆ ಹಾಕಬೇಕು, ಏಕೆಂದರೆ ಕೆಂಪುನೀರಿನ ದಿನಗಳಲ್ಲಿ ಕ್ಲೋರಿನ್ ಹೆಚ್ಚಾಗಿರಬಹುದು. ‘ನಲ್ಲಿ ನೀರು ಬೇಡ, ತೋಟದ ಕೆರೆಯಿಂದಲೋ ತೋಡಿನಿಂದಲೋ ತರೋಣ’ ಎನ್ನುವವರು ಒಂದನ್ನು ಗಮನಿಸಬೇಕು. ಮೇ, ಜೂನಿನಲ್ಲಿ ಕಾಫಿಗೂ ಕರಿಮೆಣಸಿಗೂ ಅಡಕೆಗೂ ಬೋರ್ಡೋ ದ್ರಾವಣ ಸಿಂಪಡಿಸುತ್ತಾರೆ, ಅದರಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ತಾಮ್ರ ಮೀನಿಗೆ ವಿಷ, ಮೆದುನೀರಿನಲ್ಲಿ ಅದರ ವಿಷ ಇನ್ನೂ ತೀಕ್ಷ್ಣ, ಸೀಗಡಿಗಳಂತೂ ಅತ್ಯಲ್ಪಕ್ಕೇ ಸಾಯುತ್ತವೆ.

ಬಾಡಿಗೆಮನೆಯಾದರೆ ಮಾಲೀಕರ, ಸ್ವಂತದ್ದಾದರೆ ಸಂಘದ ಬೈಲಾ ನೋಡಿ ಕಾರ್ಯದರ್ಶಿಯ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಬೇಕು. ಮನೆಗೆ ವಿಮೆಯಿದ್ದರೆ ತೊಟ್ಟಿ ಒಡೆದು ಕೆಳಗಿನ ಮನೆಗೆ ಆಗುವ ನಷ್ಟ ಅದರಲ್ಲಿ ಸೇರುತ್ತದೆಯೇ ಎಂದು ಕೇಳಿಕೊಳ್ಳಬೇಕು.

ಉಳಿದಿರುವುದು ಯಾವಾಗ ಶುರುಮಾಡಬೇಕೆಂಬುದು. ಫಿಲ್ಟರಿನಲ್ಲಿ ಬ್ಯಾಕ್ಟೀರಿಯಾ ನೆಲೆಯೂರಲು ಬೆಚ್ಚನೆಯ ನೀರಿನಲ್ಲಿ ನಾಲ್ಕರಿಂದ ಆರು ವಾರ ಬೇಕು, ತಂಪಿನಲ್ಲಿ ಇನ್ನೂ ಹೆಚ್ಚು. ಫೆಬ್ರವರಿಯಲ್ಲಿ ನೀರು ತುಂಬಿಸಿ, ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಗೆ ಬಂದ ಮೇಲೆ ಏಪ್ರಿಲಿನಲ್ಲಿ ಒಂದೆರಡಾಗಿ ಮೀನು ಬಿಡತೊಡಗಿದರೆ ಮೊದಲ ಮಳೆಯ ಹೊತ್ತಿಗೆ ತೊಟ್ಟಿ ಹದಕ್ಕೆ ಬಂದಿರುತ್ತದೆ. ಮೇ ತಿಂಗಳು ಆಗಲೇ ಬಂದುಬಿಟ್ಟಿದ್ದರೆ ತೊಟ್ಟಿಯನ್ನೂ ಸ್ಟ್ಯಾಂಡನ್ನೂ ಈಗಲೇ ಮಾಡಿಸಿಟ್ಟುಕೊಂಡು, ಮೀನನ್ನು ಮಾತ್ರ ಮಳೆ ಹಿಂದೆ ಸರಿದ ಮೇಲೆ, ಅಕ್ಟೋಬರ್ ಕಳೆದು ತನ್ನಿ.